ಹಾಯಿದೋಣಿಯ ರಬ್ ರೇಲ್: ರಿಪೇರಿ ಸಾಕೇ, ಬದಲಾಯಿಸಬೇಕೇ?

ದಕ್ಕೆಗೆ ದೋಣಿ ತಗುಲಿದಾಗ ಮೊದಲ ಪೆಟ್ಟು ತಿನ್ನುವುದು ರಬ್ ರೇಲ್. ಡೆಕ್ಕಿನ ಅಂಚಿಗೆ ಹೊಂದಿಕೊಂಡು ದೋಣಿಯ ಮೈಸುತ್ತ ಓಡುವ ಈ ಪಟ್ಟಿಯನ್ನು ಹೆಚ್ಚಿನವರು ಅಲಂಕಾರದ ಲೆಕ್ಕದಲ್ಲೇ ನೋಡುತ್ತಾರೆ. ಹಳದಿಯಾದರೆ ಬೇಸರ, ಜೋತುಬಿದ್ದರೆ ನಾಚಿಕೆ, ಅಷ್ಟೇ. ಆದರೆ ಫೈಬರ್ ದೋಣಿಗಳಲ್ಲಿ ಅದಕ್ಕೆ ಇನ್ನೊಂದು ಕೆಲಸವಿದೆ. ಕೆಳಗಿನ ಹಲ್ (ದೋಣಿಯ ಒಡಲು) ಒಂದು ಅಚ್ಚಿನಲ್ಲಿ, ಮೇಲಿನ ಡೆಕ್ ಇನ್ನೊಂದು ಅಚ್ಚಿನಲ್ಲಿ ತಯಾರಾಗುತ್ತವೆ. ಇವೆರಡೂ ಕೂಡುವ ಸಂದಿಯನ್ನು ಮುಚ್ಚಿಕೊಂಡು ಕೂತಿರುವುದು ಈ ಪಟ್ಟಿಯೇ. ಹಲವು ದೋಣಿಗಳಲ್ಲಿ ಪಟ್ಟಿಯನ್ನು ಹಿಡಿದ ಸ್ಕ್ರೂಗಳೇ ಆ ಸಂದಿಯನ್ನೂ ಬಿಗಿಹಿಡಿದಿರುತ್ತವೆ. ಹಾಗಾಗಿ ಪಿವಿಸಿ ತರಲೋ ಅಲ್ಯೂಮಿನಿಯಂ ತರಲೋ ಎನ್ನುವುದು ಎರಡನೆಯ ಮಾತು. ಪಟ್ಟಿಯ ಹಿಂದಿನ ಸಂದಿ ಹೇಗಿದೆ ಎನ್ನುವುದು ಮೊದಲನೆಯದು.

ಇಲ್ಲಿ ಹೇಳುವುದೆಲ್ಲ 3ರಿಂದ 7 ಮೀಟರ್ ಉದ್ದದ ದೋಣಿಗಳಿಗೆ: ಮಿರರ್, ಸನ್‌ಫಿಶ್, ಎಂಟರ್‌ಪ್ರೈಸ್‌ನಂಥ ಡಿಂಗಿಗಳಿಂದ (ಕ್ಯಾಬಿನ್ ಇಲ್ಲದ ಚಿಕ್ಕ ಹಾಯಿದೋಣಿಗಳಿಂದ) ಹಿಡಿದು ಕ್ಯಾಟಲಿನಾ 22ರಂಥ ಪುಟ್ಟ ಕ್ಯಾಬಿನ್ ದೋಣಿಯವರೆಗೆ. ಕ್ಯಾಟಲಿನಾ 22 ಅನ್ನು ಆಗಾಗ ಉದಾಹರಿಸಲು ಕಾರಣವಿದೆ. 1969ರಿಂದ ತಯಾರಾಗುತ್ತಾ ಬಂದು 15,000ಕ್ಕೂ ಹೆಚ್ಚು ದೋಣಿಗಳು ನೀರಿಗಿಳಿದಿವೆ. ಅಮೆರಿಕದಲ್ಲಿ ಮೊದಲ ದೋಣಿಯನ್ನು ಸೆಕೆಂಡ್ ಹ್ಯಾಂಡ್ ಕೊಳ್ಳುವವರ ಕೈಗೆ ಸಿಗುವುದು ಹೆಚ್ಚಾಗಿ ಇದೋ, ಇದರ ಓರಗೆಯದೋ.

ಬಿಚ್ಚುವ ಮೊದಲು ನೋಡಬೇಕಾದ್ದು

ಹಲ್ ಮತ್ತು ಡೆಕ್ ಕೂಡುವ ರೀತಿ ಮುಖ್ಯವಾಗಿ ಮೂರು. ಒಂದು, ಚಪ್ಪಲಿ ಡಬ್ಬಿಯ ಮುಚ್ಚಳದ ಹಾಗೆ ಡೆಕ್ಕಿನ ಅಂಚು ಹಲ್‌ನ ಮೇಲೆ ಕವಿದುಕೊಂಡಿರುವುದು. ಎರಡು, ಎರಡರ ಅಂಚುಗಳೂ ಹೊರಕ್ಕೆ ಚಾಚಿ, ತುಟಿಗಳಂತೆ ಒಂದರ ಮೇಲೊಂದು ಕೂತಿರುವುದು. ಮೂರು, ಹಲ್‌ನ ಅಂಚು ಒಳಕ್ಕೆ ಮಡಚಿಕೊಂಡು ಅದರ ಮೇಲೆ ಡೆಕ್ ಕೂತಿರುವುದು. ಮೊದಲನೆಯದರಲ್ಲಿ ರಬ್ ರೇಲ್ ಸ್ಕ್ರೂಗಳು ಅಡ್ಡಡ್ಡ ಹೋಗಿ ಎರಡೂ ಪದರಗಳನ್ನು ಹೊಲಿಯುತ್ತವೆ. ಎರಡನೆಯದರಲ್ಲಿ ಯು ಆಕಾರದ ಪಟ್ಟಿ ತುಟಿಯನ್ನು ಕಚ್ಚಿಕೊಂಡು ಕೂರುತ್ತದೆ. ಹಳೆಯ ಸನ್‌ಫಿಶ್‌ಗಳಲ್ಲಿ ಅಲ್ಯೂಮಿನಿಯಂ ಅಂಚುಪಟ್ಟಿಯನ್ನು ರಿವೆಟ್ ಹೊಡೆದು ಕೂರಿಸಿರುತ್ತಿದ್ದುದು ಹೀಗೆಯೇ. ಮೂರನೆಯದರಲ್ಲಿ ಡೆಕ್ಕನ್ನು ಹಿಡಿಯುವ ಬೋಲ್ಟುಗಳು ಬೇರೆ, ಪಟ್ಟಿಯ ಸ್ಕ್ರೂಗಳು ಬೇರೆ. ಪಟ್ಟಿ ತೆಗೆದರೂ ದೋಣಿಯ ಗಟ್ಟಿತನಕ್ಕೆ ಏನೂ ಆಗದು.

ಸಂದಿ ಸೋರುತ್ತಿದೆಯೇ ಎಂದು ತಿಳಿಯಲು ಪಟ್ಟಿ ಬಿಚ್ಚಬೇಕಿಲ್ಲ. ಒಬ್ಬರು ಒಳಗೆ ಟಾರ್ಚ್ ಹಿಡಿದು ಕೂರಲಿ. ಸಂದಿಯ ಒಳಮೈಗೆ ಟಿಶ್ಯೂ ಕಾಗದ ಅಂಟಿಸಿ ಅಥವಾ ಸೀಮೆಸುಣ್ಣದ ಪುಡಿ ಸವರಿ. ಇನ್ನೊಬ್ಬರು ಹೊರಗಿನಿಂದ, ಟ್ರಾನ್ಸಮ್ (ದೋಣಿಯ ಹಿಂಬದಿಯ ಚಪ್ಪಟೆ ಗೋಡೆ) ಕಡೆಯಿಂದ ಆರಂಭಿಸಿ ಅರ್ಧರ್ಧ ಮೀಟರಿನಂತೆ, ಪ್ರತಿ ಜಾಗದಲ್ಲೂ ಮೂರು ನಾಲ್ಕು ನಿಮಿಷ ನೀರು ಬಿಡಲಿ. ಅವಸರ ಮಾಡಿದರೆ ಸೋರುವ ಜಾಗವೇ ತಪ್ಪಾಗಿ ಕಾಣುತ್ತದೆ. ಮೂತಿಯ (ದೋಣಿಯ ಮುಂತುದಿಯ) ಹತ್ತಿರ ಒಳಹೊಕ್ಕ ನೀರು ಸಂದಿಯೊಳಗೇ ಹರಿದು ಎರಡು ಮೀಟರ್ ಹಿಂದೆ ತೊಟ್ಟಿಕ್ಕುವುದುಂಟು. ಸನ್‌ಫಿಶ್‌ನಂತೆ ಪೂರ್ತಿ ಮುಚ್ಚಿದ ಒಡಲಿನ ದೋಣಿಗಾದರೆ ಡ್ರೈನ್ ತೂತಿನಿಂದ ಬಾಯಲ್ಲಿ ಗಾಳಿ ಊದಿ, ಅಂಚಿಗೆಲ್ಲ ಸೋಪುನೀರು ಸವರಿದರೆ ಗುಳ್ಳೆ ಎದ್ದಲ್ಲಿ ಸೋರಿಕೆ. ಕಂಪ್ರೆಸರ್ ಮಾತ್ರ ಹಚ್ಚಬೇಡಿ, ಸಂದಿಯೇ ಸೀಳಿಬಿಡುತ್ತದೆ.

ಇನ್ನೊಂದು ಪರೀಕ್ಷೆ ಕೈಯದು. ಎರಡು ಸ್ಕ್ರೂಗಳ ನಡುವೆ ಪಟ್ಟಿಯನ್ನು ಹೆಬ್ಬೆರಳಿನಿಂದ ಮೇಲೆ ಕೆಳಗೆ ತಳ್ಳಿನೋಡಿ. ಪಟ್ಟಿ ಮಾತ್ರ ಅಲುಗಿದರೆ ಚಿಂತೆಯಿಲ್ಲ. ಪಟ್ಟಿಯ ಜೊತೆ ಡೆಕ್ಕಿನ ಅಂಚೂ ಕಿರುಗುಟ್ಟಿದರೆ ಅಲ್ಲಿನ ಸ್ಕ್ರೂಗಳು ಹಿಡಿತ ಬಿಟ್ಟಿವೆ ಎಂದರ್ಥ. ಅಂಥಲ್ಲಿ ಒಂದೆರಡು ಸ್ಕ್ರೂ ಬಿಚ್ಚಿ ತೂತಿನಲ್ಲಿ ಏನಿದೆ ನೋಡಿ. ಒಣ ಬಿಳಿ ಪುಡಿ ಬಂದರೆ ಗಟ್ಟಿ ಫೈಬರ್. ಕಂದು ಬಣ್ಣದ ಒದ್ದೆ ಹೊಟ್ಟು ಬಂದರೆ ಡೆಕ್ಕಿನ ಪದರಗಳ ನಡುವಿನ ಬಾಲ್ಸಾ ಮರ ಅಥವಾ ಪ್ಲೈವುಡ್ ಕೊಳೆಯುತ್ತಿದೆ. ಆಗ ರಬ್ ರೇಲ್ ಮಾತು ಬದಿಗಿಟ್ಟು ಮೊದಲು ಡೆಕ್ ರಿಪೇರಿ.

ರಿಪೇರಿಯೇ ಸಾಕಾಗುವಾಗ

ಎರಡು ಭಾಗದ ಪಟ್ಟಿಗಳಲ್ಲಿ, ಅಂದರೆ ಗಟ್ಟಿಯಾದ ಕಾಲುವೆಯಾಕಾರದ ತಳಪಟ್ಟಿ ಮತ್ತು ಅದರೊಳಗೆ ಸಿಕ್ಕಿಸುವ ಮೆತ್ತನೆಯ ವಿನೈಲ್ (ಮೆದು ಪಿವಿಸಿ) ಎಳೆ ಇರುವಲ್ಲಿ, ಹತ್ತರಲ್ಲಿ ಏಳೆಂಟು ದೂರುಗಳು ಎಳೆಯದ್ದೇ ಆಗಿರುತ್ತವೆ. ವಿನೈಲನ್ನು ಮೆತ್ತಗಿಡುವ ಎಣ್ಣೆಯಂಥ ಅಂಶ ಬಿಸಿಲಿಗೆ ವರ್ಷಾನುಗಟ್ಟಲೆ ಆರುತ್ತಾ ಹೋಗಿ ಎಳೆ ಗಡುಸಾಗುತ್ತದೆ, ಕುಗ್ಗುತ್ತದೆ, ತುದಿಗಳಲ್ಲಿ ಎರಡು ಮೂರು ಸೆಂಟಿಮೀಟರ್ ಹಿಂದೆ ಸರಿದು ಸ್ಕ್ರೂ ತಲೆಗಳನ್ನು ಬಯಲು ಮಾಡುತ್ತದೆ. ತಳಪಟ್ಟಿ ಚೆನ್ನಾಗಿದ್ದರೆ ಎಳೆಯೊಂದನ್ನೇ ಬದಲಿಸಿ. ಒಂದು ಮಧ್ಯಾಹ್ನದ ಕೆಲಸ. ಎಳೆಯಿನ್ನೂ ಮೆದುವಾಗಿಯೇ ಇದ್ದು ಬರೀ ಹೊರಬಿದ್ದಿದ್ದರೆ ಕೊಳ್ಳುವುದೂ ಬೇಡ. ಬಿಸಿನೀರಿನ ಬಕೆಟ್ಟಿನಲ್ಲಿ ಹತ್ತು ನಿಮಿಷ ಮುಳುಗಿಸಿ, ಮೂತಿಯ ಕಡೆಯಿಂದ ಎಳೆಯದೆ ತುರುಕುತ್ತಾ ಬಂದು, ಕುಗ್ಗಿದ ಅಂತರವನ್ನೆಲ್ಲ ಟ್ರಾನ್ಸಮ್ ಕಡೆಗೆ ತಳ್ಳಿ. ಅಲ್ಲಿ ಉಳಿಯುವ ತುಂಡು ಜಾಗವನ್ನು ಕೊನೆಯ ಮುಚ್ಚಳದ ಅಡಿಯಲ್ಲಿ ಬಚ್ಚಿಡಬಹುದು.

ಎಳೆಗೆ ಬಣ್ಣ ಬಳಿಯುವ ಸಲಹೆ ಆಗಾಗ ಕಿವಿಗೆ ಬೀಳುತ್ತದೆ. ಬಳಿಯಬೇಡಿ. ಮೆತ್ತನೆಯ ವಿನೈಲ್ ಮೇಲೆ ಬಣ್ಣ ಒಂದು ಹಂಗಾಮು ನಿಂತರೆ ಹೆಚ್ಚು, ಮೊದಲ ಫೆಂಡರ್ (ಪೆಟ್ಟು ತಡೆಯಲು ಬದಿಗೆ ತೂಗುಬಿಡುವ ದಿಂಬು) ಉಜ್ಜಿದಾಗಲೇ ಸಿಪ್ಪೆ ಏಳುತ್ತದೆ. ಅಸಿಟೋನ್ ಹಚ್ಚಿ ಒರೆಸುವುದು ಅದಕ್ಕಿಂತ ಕೆಟ್ಟದ್ದು. ಪಿವಿಸಿ ಮೇಲ್ಮೈ ಕರಗಿ ಅಂಟಂಟಾಗಿ, ನಾಳೆಯಿಂದ ಎರಡು ಪಟ್ಟು ಕೊಳೆ ಹಿಡಿಯುತ್ತದೆ. ಬರೀ ಕರೆ ಹೋಗಬೇಕಿದ್ದರೆ ಸೋಪುನೀರು, ಮೆಲಮೈನ್ ಸ್ಪಂಜು, ಕಡೆಗೆ ಸ್ಪಿರಿಟ್. ಇವಕ್ಕೂ ಬಗ್ಗದ ಹಳದಿ ಒಳಗಿನಿಂದಲೇ ಬಂದದ್ದು, ತೊಳೆದು ಹೋಗುವಂಥದ್ದಲ್ಲ.

ಒಂದು ಕಡೆ ಮಾತ್ರ ಸ್ಕ್ರೂ ಸಡಿಲವಾಗಿದ್ದರೆ 8 ನಂಬರಿನ ಜಾಗಕ್ಕೆ 10 ನಂಬರ್ ಸ್ಕ್ರೂ ಹಾಕುವ ಉಪಾಯ ನಡೆಯುತ್ತದೆ, ಆದರೆ ಒಂದೇ ಸಲ. ಅದೂ ಸಡಿಲವಾದರೆ ಮುಂದೆ ದಾರಿಯಿಲ್ಲ, ತೂತಿಗೆ ಎಪಾಕ್ಸಿ (ಎರಡು ಭಾಗ ಕಲಸಿ ಗಟ್ಟಿಯಾಗುವ ಅಂಟು) ತುಂಬಿ ಹೊಸದಾಗಿ ಕೊರೆಯಬೇಕು. ಬೆಂಕಿಕಡ್ಡಿಯನ್ನು ಸೀಲಂಟಿನಲ್ಲಿ (ಸಂದಿ ಮುಚ್ಚುವ ಅಂಟುಲೇಪದಲ್ಲಿ) ಅದ್ದಿ ತೂತಿಗೆ ತುರುಕುವುದು ಬಾಗಿಲ ತಿರುಗಣಿಗೆ ಸರಿ, ನೀರಿನಲ್ಲಿ ಓಡಾಡುವ ದೋಣಿಗಲ್ಲ. ಮರ ಉಬ್ಬಿ, ಆರಿ, ಕುಗ್ಗಿ ಮೊದಲಿಗಿಂತ ದೊಡ್ಡ ತೂತು ಉಳಿಸಿ ಹೋಗುತ್ತದೆ. ಒಳಗಿನಿಂದ ಕೈ ತಲುಪುವ ಜಾಗವಾದರೆ ಎಪಾಕ್ಸಿಗಿಂತಲೂ ಒಳ್ಳೆಯ ಉತ್ತರ 5 ಮಿಲಿಮೀಟರಿನ ಬೋಲ್ಟು, ಅಗಲ ವಾಷರ್, ನೈಲಾನ್ ಹಿಡಿತದ ನಟ್ಟು.

ಮರದ ಪಟ್ಟಿಯ ದೊಡ್ಡ ಗುಣವೇ ಅದರ ರಿಪೇರಿ. ದಕ್ಕೆಗೆ ಬಡಿದು 30 ಸೆಂಟಿಮೀಟರ್ ಜಜ್ಜಿಹೋದರೆ ಅಷ್ಟನ್ನೇ ಕತ್ತರಿಸಿ ತೆಗೆದು, ಎರಡೂ ತುದಿಗಳನ್ನು ಒಂದಕ್ಕೆ ಎಂಟರ ಓರೆಯಲ್ಲಿ ಸೀಳಿ ಹೊಸ ತುಂಡು ಕೂಡಿಸಬಹುದು. ಪಟ್ಟಿ 20 ಮಿಲಿಮೀಟರ್ ದಪ್ಪವಿದ್ದರೆ ಓರೆಯ ಉದ್ದ 160 ಮಿಲಿಮೀಟರ್. ಓರೆ ಇದಕ್ಕಿಂತ ಗಿಡ್ಡವಾದರೆ ಬಾಗಿನ ಒತ್ತಡಕ್ಕೆ ಅಂಟು ಬಿಡುತ್ತದೆ. ಅಲ್ಯೂಮಿನಿಯಮ್ಮಿಗೆ ಈ ಸೌಕರ್ಯ ಇಲ್ಲ. ಸಣ್ಣ ತಗ್ಗನ್ನು ಮರದ ತುಂಡು ಇಟ್ಟು ಬಡಿದು ಎಬ್ಬಿಸಬಹುದು, ಆದರೆ ಒಮ್ಮೆ ಮಡಚಿ ಗೆರೆ ಬಿದ್ದ ಜಾಗ ನೆಟ್ಟಗಾಗುವುದಿಲ್ಲ. ನೆಟ್ಟಗೆ ಮಾಡಹೋದರೆ ಅಲ್ಲೇ ಬಿರಿಯುತ್ತದೆ.

ಪಟ್ಟಿಯನ್ನೇ ಬದಲಿಸಬೇಕೆಂದು ಹೇಳುವ ಗುರುತುಗಳು ಹೀಗಿವೆ. ಗಟ್ಟಿ ಪಿವಿಸಿ ಸ್ಕ್ರೂ ತೂತುಗಳಿಂದ ಸೀಳುಬಿಟ್ಟಿದೆ. ಅಲ್ಯೂಮಿನಿಯಂ ಸ್ಕ್ರೂಗಳ ಸುತ್ತ ಬಿಳಿ ಪುಡಿಯಾಗಿ ತೂತು ಅಗಲವಾಗಿದೆ. ಮರದಲ್ಲಿ ಚೂರಿಯ ಮೊನೆ ಸಲೀಸಾಗಿ ಇಳಿಯುತ್ತದೆ. ಅಥವಾ ಸಂದಿ ಮೂರು ನಾಲ್ಕು ಕಡೆ ಸೋರುತ್ತಿದೆ. ಈ ಕೊನೆಯ ಸಂದರ್ಭದಲ್ಲಿ ಪಟ್ಟಿ ಎಷ್ಟೇ ಚೆನ್ನಾಗಿರಲಿ, ಅದನ್ನು ಬಿಚ್ಚದೆ ಸಂದಿಗೆ ದಾರಿಯಿಲ್ಲ. ಪಟ್ಟಿಯ ಹೊರ ಅಂಚಿಗೆ ಸೀಲಂಟ್ ಮೆತ್ತಿ ಸೋರಿಕೆ ನಿಲ್ಲಿಸಲು ಹೋದವರು ನೀರನ್ನು ಒಳಗೇ ಕೂಡಿಹಾಕುತ್ತಾರೆ. ವಿಶೇಷವಾಗಿ ಕೆಳಅಂಚನ್ನು ಮುಚ್ಚಲೇಬಾರದು, ಒಳಬಂದ ನೀರು ಇಳಿದುಹೋಗುವ ಬಾಗಿಲು ಅದು.

ಯಾವ ಪಟ್ಟಿ ಯಾರಿಗೆ

ಮೆತ್ತನೆಯ ವಿನೈಲ್ ಸುರುಳಿಯಾಗಿ ಸಿಗುತ್ತದೆ. ದೋಣಿಯ ಸುತ್ತ ಒಂದೇ ತುಂಡಿನಲ್ಲಿ ಹೋಗುವುದರಿಂದ ಜೋಡಣೆಯ ಗೆರೆಯೇ ಇಲ್ಲ, ಮೂತಿಯ ಬಾಗೂ ಕಷ್ಟವಲ್ಲ. ಮನೆಯಲ್ಲೇ ಮೊದಲ ಸಲ ಮಾಡುವವರಿಗೆ ನಮ್ಮ ಶಿಫಾರಸು ಇದೇ. ಕೊರತೆಯೆಂದರೆ ಅಡಿಯ ಮೈಯಲ್ಲಿರುವ ಏರುತಗ್ಗನ್ನೆಲ್ಲ ಹಾಗೇ ತೋರಿಸುತ್ತದೆ. ಸಂದಿ ಅಲೆಅಲೆಯಾಗಿದ್ದರೆ ಪಟ್ಟಿಯೂ ಅಲೆಅಲೆಯೇ. ಕಾಂಕ್ರೀಟ್ ದಕ್ಕೆಗೂ ಚಿಪ್ಪು ಹಿಡಿದ ಕಂಬಗಳಿಗೂ ಇದು ತಾಳದು, ಕೆರೆದುಹೋಗುತ್ತದೆ.

ಗಟ್ಟಿ ಪಿವಿಸಿ ತಳಪಟ್ಟಿ ಸುಮಾರು 6 ಮೀಟರಿನ ನೇರ ಉದ್ದಗಳಲ್ಲಿ ಬರುತ್ತದೆ. ನೋಟ ಅಚ್ಚುಕಟ್ಟು, ಗೆರೆ ನೇರ. ಆದರೆ ಇದರ ಜೊತೆ ಎರಡು ತಲೆನೋವುಗಳಿವೆ. ಮೊದಲನೆಯದು ಸಾಗಣೆ: ಅಷ್ಟುದ್ದದ ಪೆಟ್ಟಿಗೆಗೆ ಪಟ್ಟಿಯ ಬೆಲೆಯಷ್ಟೇ ಬಾಡಿಗೆ ಆಗುವುದುಂಟು, ಸುರುಳಿಯಾದರೆ ಅಂಚೆಯಲ್ಲೂ ಬರುತ್ತದೆ. ಬೆಂಗಳೂರಿನಲ್ಲಿ ಕೂತು ಹೊರದೇಶದಿಂದ ತರಿಸುವವರು ಮೊದಲು ಈ ಲೆಕ್ಕ ಹಾಕಬೇಕು. ಎರಡನೆಯದು ಹಿಗ್ಗುವಿಕೆ. ಪಿವಿಸಿ ಒಂದು ಡಿಗ್ರಿ ಏರಿದರೆ ಮೀಟರಿಗೆ ಸುಮಾರು 0.07 ಮಿಲಿಮೀಟರ್ ಹಿಗ್ಗುತ್ತದೆ. 6 ಮೀಟರಿನ ಪಟ್ಟಿ 30 ಡಿಗ್ರಿ ಬಿಸಿಯಾದರೆ 12 ಮಿಲಿಮೀಟರ್ ಮೀರಿ ಬೆಳೆಯುತ್ತದೆ. ಅದರಡಿಯ ಫೈಬರ್ ಅದರ ಮೂರನೇ ಒಂದು ಪಾಲಿನಷ್ಟೇ ಹಿಗ್ಗುವುದು. ಬೆಳಗಿನ ಚಳಿಯಲ್ಲಿ ತುದಿಗೆ ತುದಿ ಒತ್ತಿ ಕೂರಿಸಿದ ಪಟ್ಟಿ ಮಧ್ಯಾಹ್ನ ಸ್ಕ್ರೂಗಳ ನಡುವೆ ಉಬ್ಬಿಕೊಳ್ಳುವುದು ಇದರಿಂದಲೇ. ಕಪ್ಪು ಪಟ್ಟಿಯಾದರೆ ಈ ತೊಂದರೆ ಇನ್ನಷ್ಟು.

ಅಲ್ಯೂಮಿನಿಯಂ ಹಿಗ್ಗುವುದು ಫೈಬರಿನಷ್ಟೇ ಎನ್ನಬಹುದು, ಇದೇ ಅದರ ಮುಖ್ಯ ಅನುಕೂಲ. ಗೆರೆ ಚೊಕ್ಕ, ಸಂದಿಗೂ ಬಲ. ಸಿಹಿನೀರಿನ ಕೆರೆಗಳಲ್ಲಿ ಹತ್ತಾರು ವರ್ಷ ಬಾಳುತ್ತದೆ. ಉಪ್ಪುನೀರಿನಲ್ಲಿ ಮಾತ್ರ ಸ್ಟೇನ್‌ಲೆಸ್ ಸ್ಕ್ರೂ ಮತ್ತು ಅಲ್ಯೂಮಿನಿಯಂ ಒಂದಕ್ಕೊಂದು ತಾಗಿದರೆ ಅಲ್ಯೂಮಿನಿಯಂ ತುಕ್ಕಾಗಿ ಸೋಲುತ್ತದೆ. ಪ್ರತಿ ಸ್ಕ್ರೂವಿಗೂ ಡ್ಯೂರಲಾಕ್ ಅಥವಾ ಟೆಫ್‌ಜೆಲ್‌ನಂಥ ತಡೆಲೇಪ ಹಚ್ಚಲೇಬೇಕು. ರಿವೆಟ್ ಹೊಡೆಯುವಲ್ಲಿ 4.8 ಮಿಲಿಮೀಟರಿನ ಅಲ್ಯೂಮಿನಿಯಂ ರಿವೆಟ್ ಸರಿ, ಆದರೆ ಒಳಗಿನ ಕಡ್ಡಿಯೂ ಅಲ್ಯೂಮಿನಿಯಮ್ಮಿನದೇ ಎಂದು ಕೇಳಿ ಕೊಳ್ಳಿ. ಹಾರ್ಡ್‌ವೇರ್ ಅಂಗಡಿಯ ಸಾಮಾನ್ಯ ರಿವೆಟ್ಟಿನ ಕಡ್ಡಿ ಕಬ್ಬಿಣದ್ದು. ಕೆಲವೇ ತಿಂಗಳಲ್ಲಿ ಪ್ರತಿ ರಿವೆಟ್ಟಿನಿಂದಲೂ ಕಂದು ಕಣ್ಣೀರು ಇಳಿಯುತ್ತದೆ. ಮೂತಿಯ ಬಾಗು ಬಿಗಿಯಾಗಿರುವ ದೋಣಿಗೆ ಅಲ್ಯೂಮಿನಿಯಂ ಬೇಡ. ಕೈಯಲ್ಲಿ ಬಾಗಿಸಲು ಹೋದರೆ ಕಾಲುವೆಯ ಗೋಡೆ ಸುಕ್ಕುಗಟ್ಟುತ್ತದೆ.

ಮರ ಬೇಕೆನ್ನುವವರಿಗೆ ತೇಗಕ್ಕಿಂತ ಒಳ್ಳೆಯದಿಲ್ಲ. ಆ್ಯಶ್ ಮತ್ತು ಇರೋಕೊ ಮರಗಳೂ ನಡೆಯುತ್ತವೆ. 25 ಮತ್ತು 20 ಮಿಲಿಮೀಟರ್ ಅಡ್ಡಳತೆಯ ತೇಗ ಮೀಟರಿಗೆ ಸುಮಾರು 330 ಗ್ರಾಂ ತೂಗುತ್ತದೆ. ಕ್ಯಾಬಿನ್ ದೋಣಿಗೆ 5 ಕಿಲೋ ಲೆಕ್ಕಕ್ಕಿಲ್ಲ, ಆದರೆ ಬರಿಯ ಹಲ್ 45 ಕಿಲೋ ತೂಗುವ ಮಿರರ್‌ನಂಥ ಡಿಂಗಿಗೆ ಅಡ್ಡಳತೆ ಇಳಿಸಬೇಕು. ತೇಗದಲ್ಲಿ ಎಣ್ಣೆಯಂಶ ಇರುವುದರಿಂದ ಅಂಟು ಹಚ್ಚುವ ಸ್ವಲ್ಪ ಮೊದಲು ಅಸಿಟೋನ್‌ನಲ್ಲಿ ಒರೆಸಬೇಕು, ಹಿಂದಿನ ದಿನ ಒರೆಸಿಟ್ಟರೆ ಎಣ್ಣೆ ಮತ್ತೆ ಮೇಲೆ ಬಂದಿರುತ್ತದೆ. ಬಾಗು ಹೆಚ್ಚಿದ್ದರೆ ಹಬೆಯಲ್ಲಿ ಬೇಯಿಸಬೇಕು: 25 ಮಿಲಿಮೀಟರ್ ದಪ್ಪಕ್ಕೆ ಒಂದು ಗಂಟೆ. ಹೊರತೆಗೆದ ಮೇಲೆ ಒಂದು ನಿಮಿಷದೊಳಗೆ ಜಾಗಕ್ಕೆ ಕೂತು ಕ್ಲಾಂಪ್ ಬೀಳಬೇಕು. ಅದಕ್ಕೇ ಕ್ಲಾಂಪುಗಳನ್ನು ಮೊದಲೇ ಸಾಲಾಗಿ ತೆರೆದಿಟ್ಟುಕೊಳ್ಳಿ. ವಾರ್ನಿಷ್ ಐದಾರು ಕೋಟ್, ಆಮೇಲೆ ವರ್ಷಕ್ಕೊಂದು ಎರಡು. ಇದಕ್ಕೆ ಪುರುಸೊತ್ತಿಲ್ಲದಿದ್ದರೆ ತೇಗವನ್ನು ಹಾಗೇ ಬೂದುಬಣ್ಣಕ್ಕೆ ತಿರುಗಲು ಬಿಡಿ. ಅರೆಬರೆ ವಾರ್ನಿಷ್‌ಗಿಂತ ಬರಿಮೈ ವಾಸಿ.

ಕಂಬ, ಕಾಂಕ್ರೀಟಿಗೆ ಸದಾ ತಾಗುವ ದೋಣಿಗೆ ಮರದ ಅಥವಾ ಪಿವಿಸಿ ಪಟ್ಟಿಯ ಮೇಲೆ ಅರೆಗೋಲು ಆಕಾರದ ಸ್ಟೇನ್‌ಲೆಸ್ ಪಟ್ಟಿ ಕೂರಿಸುವುದು ಹಳೆಯ, ಗಟ್ಟಿ ಉಪಾಯ. 19 ಮಿಲಿಮೀಟರ್ ಅಗಲ ಸಾಕು. ಆದರೆ ಪಕ್ಕದ ದೋಣಿಗೆ ತಾಗಿ ಕಟ್ಟುವ ಜಾಗವಾದರೆ ಇದನ್ನು ಹಾಕಬೇಡಿ. ನಿಮ್ಮ ಪಟ್ಟಿ ಉಳಿದು ನೆರೆಯವರ ಜೆಲ್‌ಕೋಟ್ (ಫೈಬರಿನ ಹೊರಮೈಯ ನುಣುಪು ಪದರ) ಹೋಗುತ್ತದೆ. ನಮ್ಮ ಕರಾವಳಿಯ ಮೀನುಗಾರಿಕೆ ಬೋಟುಗಳು ಹಳೆಯ ಟೈರು ತೂಗುಬಿಟ್ಟು ಇದೇ ಸಮಸ್ಯೆಯನ್ನು ಕಡಿಮೆ ಖರ್ಚಿನಲ್ಲಿ ಬಗೆಹರಿಸಿಕೊಂಡಿವೆ. ಬಿಳಿ ಹಾಯಿದೋಣಿಯ ಮೈಗೆ ಟೈರಿನ ಕಪ್ಪು ಹತ್ತಿದರೆ ಮಾತ್ರ ಬಿಡಿಸುವುದು ಕಷ್ಟ.

ಹೊರಚಾಚಿದ ತುಟಿಯಿರುವ ದೋಣಿಗಳಿಗೆ ಒತ್ತಿ ಸಿಕ್ಕಿಸುವ ಯು ಆಕಾರದ ಅಂಚುಪಟ್ಟಿ ಎಲ್ಲಕ್ಕಿಂತ ಸುಲಭ, ಸ್ಕ್ರೂವೇ ಬೇಡ. ಒಳಗಿನ ಹಿಡಿತದ ಪಟ್ಟಿ ಕಬ್ಬಿಣದ್ದೋ ಅಲ್ಯೂಮಿನಿಯಮ್ಮಿನದೋ ಎಂದು ಕತ್ತರಿಸಿದ ತುದಿಗೆ ಅಯಸ್ಕಾಂತ ಹಿಡಿದು ನೋಡಿ. ಕಬ್ಬಿಣದ್ದಾದರೆ ಉಪ್ಪುನೀರಿಗೆ ಬೇಡ. ದಪ್ಪ ಹಗ್ಗವನ್ನು ಅಂಚಿನ ಸುತ್ತ ಬಿಗಿಯುವ ಪದ್ಧತಿ ಚಂದ, ಪುಟ್ಟ ಮರದ ದೋಣಿಗೆ ಒಪ್ಪುತ್ತದೆ. ಮರಳು ಹಿಡಿದರೆ ಉಪ್ಪುಕಾಗದದಂತೆ ಮೈ ಕೆರೆಯುತ್ತದೆ.

ರೇಸಿಗೆ ಹೋಗುವವರಿಗೊಂದು ಮಾತು: ನಿಮ್ಮ ದೋಣಿಯ ಕ್ಲಾಸಿನ (ಒಂದೇ ಮಾದರಿಯ ರೇಸು ದೋಣಿಗಳ ಗುಂಪಿನ) ನಿಯಮಗಳು ಪಟ್ಟಿಯ ಅಡ್ಡಳತೆಯನ್ನೂ ಗೊತ್ತುಮಾಡಿರಬಹುದು. ಕತ್ತರಿಸುವ ಮೊದಲು ಓದಿಕೊಳ್ಳಿ.

ಎಷ್ಟು ಸಾಮಾನು ಬೇಕು

ಕ್ಯಾಟಲಿನಾ 22ರ ಉದ್ದ 6.55 ಮೀಟರ್, ಅಗಲ 2.34 ಮೀಟರ್. ಬಾಗಿನಿಂದಾಗಿ ಪ್ರತಿ ಬದಿ ದೋಣಿಯ ಉದ್ದಕ್ಕಿಂತ ಹೆಚ್ಚು, ಹತ್ತಿರ ಹತ್ತಿರ 7 ಮೀಟರ್. ಹಿಂಬದಿ ಸೇರಿ 16 ಮೀಟರ್ ಎಂದಿಟ್ಟುಕೊಳ್ಳಿ. ಲೆಕ್ಕದ ಮೇಲೆ ಕೊಳ್ಳದೆ, ಹಿಗ್ಗದ ದಾರವನ್ನು ಮಾಸ್ಕಿಂಗ್ ಟೇಪಿನಿಂದ ಅಂಚಿಗೆ ಅಂಟಿಸುತ್ತಾ ಹೋಗಿ ಅಳೆದು, ಮೇಲೆ ಶೇಕಡಾ 10 ಸೇರಿಸಿ. ಸ್ಕ್ರೂ 150 ಮಿಲಿಮೀಟರಿಗೊಂದು, ಮೂತಿಯ ಬಾಗಿನಲ್ಲಿ 75ರಿಂದ 100 ಮಿಲಿಮೀಟರಿಗೊಂದು. ಒಟ್ಟು 120 ಬೇಕಾಗುತ್ತವೆ, 150 ತನ್ನಿ. ಸ್ಟೇನ್‌ಲೆಸ್ ದರ್ಜೆ 316, ಚಪ್ಪಟೆ ಅಥವಾ ಅರೆಗೋಲು ತಲೆ ಪಟ್ಟಿಯ ಕಾಲುವೆಗೆ ತಕ್ಕಂತೆ. ಸ್ಕ್ರೂವಿನ ಉದ್ದ ಊಹಿಸಬೇಡಿ. ಪಟ್ಟಿಯ ದಪ್ಪ, ಎರಡು ಪದರ ಫೈಬರ್, ಅದರ ಮೇಲೆ 5 ಮಿಲಿಮೀಟರ್. ಸಾಮಾನ್ಯವಾಗಿ 25 ಮಿಲಿಮೀಟರ್ ಸಾಕು. ಹೆಚ್ಚಾದ ಮೊನೆ ಲಾಕರಿನೊಳಗೆ ಕೈಹಾಕಿದವರ ಬೆರಳು ಸೀಳುತ್ತದೆ.

ಸೀಲಂಟ್: ಟ್ಯೂಬಿನಿಂದ ಹಿಂಡಿದ 6 ಮಿಲಿಮೀಟರ್ ದಪ್ಪದ ಒಂದು ಎಳೆಗೆ ಮೀಟರಿಗೆ 28 ಮಿಲಿಲೀಟರ್ ಹೋಗುತ್ತದೆ. 300 ಮಿಲಿಲೀಟರಿನ ಟ್ಯೂಬು ಹತ್ತೂವರೆ ಮೀಟರಿಗೆ ಬಂತು. ಸಂದಿಗೊಂದು, ಪಟ್ಟಿಯ ಹಿಂಬದಿಗೊಂದು ಎಳೆ ಎಂದರೆ ನಾಲ್ಕು ಟ್ಯೂಬು. ಹಳೆಯ ತೂತು ಮುಚ್ಚಲು ಎಪಾಕ್ಸಿ 100 ಮಿಲಿಲೀಟರ್ ಸಾಕು, ಪೋಲಾಗುವುದೂ ಸೇರಿ.

ಸೀಲಂಟಿನ ಆಯ್ಕೆ ಪಟ್ಟಿಯ ಆಯ್ಕೆಯಷ್ಟೇ ಮುಖ್ಯ. ಸಿಲಿಕೋನ್ ಬೇಡವೇ ಬೇಡ, ಒಮ್ಮೆ ಹಚ್ಚಿದ ಜಾಗಕ್ಕೆ ಮುಂದೆ ಬಣ್ಣವಾಗಲಿ ಜೆಲ್‌ಕೋಟ್ ಆಗಲಿ ಹಿಡಿಯದು. ಪಾಲಿಸಲ್ಫೈಡ್ ಮರಕ್ಕೆ ಒಳ್ಳೆಯದು, ಪಿವಿಸಿಗೆ ಒಗ್ಗದು. ತ್ರೀಎಂ 5200 ಕಾಯಂ ಅಂಟು. ಹಲ್ ಮತ್ತು ಡೆಕ್ ಕೂಡುವ ಸಂದಿಯೊಳಗೆ ಅದು ಸರಿ, ಪಟ್ಟಿಯ ಹಿಂದೆ ಹಚ್ಚಿದರೆ ಮುಂದಿನ ಸಲ ಪಟ್ಟಿಯೊಂದಿಗೆ ಜೆಲ್‌ಕೋಟೂ ಕಿತ್ತುಬರುತ್ತದೆ. ಪಟ್ಟಿಗೆ 4200 ಅಥವಾ ಸಿಕಾಫ್ಲೆಕ್ಸ್ 291ರಂಥ, ಬೇಕಾದಾಗ ಬಿಡಿಸಬಹುದಾದ ಪಾಲಿಯುರೆಥೇನ್ ಹಚ್ಚಿ. ಗಡಿಬಿಡಿ ಬೇಡವೆನ್ನುವವರಿಗೆ ಬ್ಯುಟೈಲ್ ಟೇಪ್ ಇನ್ನೂ ಒಳ್ಳೆಯದು: ಒಣಗುವುದಿಲ್ಲ, ಕೈ ಹೊಲಸಾಗುವುದಿಲ್ಲ, ಅರ್ಧಕ್ಕೆ ನಿಲ್ಲಿಸಿ ಊಟಕ್ಕೆ ಹೋಗಬಹುದು.

ಬಿಚ್ಚುವುದು, ತೂತು ಮುಚ್ಚುವುದು

ಸಂದಿಯನ್ನು ಸ್ಕ್ರೂಗಳೇ ಹಿಡಿದಿರುವ ದೋಣಿಯಲ್ಲಿ ಸುತ್ತಲಿನ ಸ್ಕ್ರೂಗಳನ್ನು ಒಮ್ಮೆಲೇ ಬಿಚ್ಚಬೇಡಿ. ಒಂದು ಬದಿ ಮುಗಿಸಿ ಇನ್ನೊಂದಕ್ಕೆ ಹೋಗಿ. ಬಿಚ್ಚಿದ ಬದಿಯಲ್ಲಿ ಅರ್ಧ ಮೀಟರಿಗೊಂದು ಕ್ಲಾಂಪ್ ಇರಲಿ. ಪಟ್ಟಿ ಬಿಚ್ಚುವಾಗ ಡೆಕ್ಕಿನ ಮೇಲಿನ, ಹಗ್ಗ ಕಟ್ಟುವ ಕ್ಲೀಟುಗಳಿಂದ ಹಗ್ಗದ ಕುಣಿಕೆಗಳನ್ನು ಮೀಟರಿಗೊಂದರಂತೆ ಇಳಿಬಿಟ್ಟು ಅದರಲ್ಲಿ ಪಟ್ಟಿ ಕೂರಿಸಿಕೊಳ್ಳಿ. ಇಲ್ಲದಿದ್ದರೆ ಸಡಿಲವಾದ ಪಟ್ಟಿಯ ಭಾರವೆಲ್ಲ ಉಳಿದ ಕೊನೆಯ ಸ್ಕ್ರೂವಿನ ಮೇಲೆ ಬಿದ್ದು ಫೈಬರ್ ಚೂರನ್ನೇ ಕಿತ್ತುಕೊಂಡು ಬರುತ್ತದೆ. ಕಚ್ಚಿಕೊಂಡ ಸ್ಕ್ರೂಗಳಿಗೆ ತುಕ್ಕುಬಿಡಿಸುವ ಎಣ್ಣೆ ಹಾಕಿ ರಾತ್ರಿ ಬಿಡಿ. ಆಮೇಲೂ ಬಗ್ಗದಿದ್ದರೆ ತಲೆಯನ್ನು ಡ್ರಿಲ್ ಮಾಡಿ ತೆಗೆದು, ಉಳಿದ ಕಡ್ಡಿಯನ್ನು ಇಕ್ಕಳದಲ್ಲಿ ತಿರುಗಿಸಿ. ಹಳೆಯ ಪಟ್ಟಿಯನ್ನು ಮುರಿಯದೆ ತೆಗೆದಿಡಿ. ಟ್ರಾನ್ಸಮ್ ಮೂಲೆಯ ಕತ್ತರಿಕೆಗೆ ಅದೇ ಅಚ್ಚು.

ಹಳೆಯ ಸೀಲಂಟನ್ನು ಪ್ಲಾಸ್ಟಿಕ್ ಕೆರೆಯುವ ಅಲಗಿನಿಂದ ಪೂರ್ತಿ ತೆಗೆಯಬೇಕು. ಬೇಸರದ ಕೆಲಸ, ಆದರೆ ಹೊಸ ಸೀಲಂಟ್ ಹಳೆಯದರ ಮೇಲೆ ನಿಲ್ಲುವುದಿಲ್ಲ. ಸಂದಿಯಲ್ಲಿ ಬಿರುಕು ಕಂಡರೆ ಒಳಗಿನ ಪುಡಿಯನ್ನು ಕೊಕ್ಕೆಯಿಂದ ಕೆದಕಿ ತೆಗೆದು, ಒಣಗಿಸಿ, 5200 ಅಥವಾ ದಪ್ಪಗೆ ಕಲಸಿದ ಎಪಾಕ್ಸಿ ತುಂಬಿ ಕ್ಲಾಂಪ್ ಹಾಕಿ.

ತೂತುಗಳ ವಿಷಯದಲ್ಲಿ ಎರಡು ಪಂಗಡಗಳಿವೆ: ಹಳೆಯ ತೂತನ್ನೇ ಬಳಸುವವರು, ಎಲ್ಲವನ್ನೂ ಮುಚ್ಚಿ ಹೊಸದು ಕೊರೆಯುವವರು. ಹಳೆಯ ತೂತಿಗೆ ಹೊಸ ಪಟ್ಟಿಯ ತೂತು ಹೊಂದಿಸುವ ಸಾಹಸದಲ್ಲಿ ಪ್ರತಿ ಸ್ಕ್ರೂವೂ ತುಸು ಓರೆಯಾಗಿ, ಪಟ್ಟಿ ಹಾವಾಗುತ್ತದೆ. ನಾವು ಎರಡನೆಯ ಪಂಗಡ. ಹಳೆಯ ತೂತನ್ನು 2 ಮಿಲಿಮೀಟರ್ ದೊಡ್ಡದು ಮಾಡಿ, ಬಾಯಿಯನ್ನು ಕೌಂಟರ್‌ಸಿಂಕಿನಿಂದ ಅಗಲಿಸಿ, ಅಸಿಟೋನ್‌ನಲ್ಲಿ ಒರೆಸಿ. ಮೊದಲು ತೆಳು ಎಪಾಕ್ಸಿ ಕಡ್ಡಿಯಲ್ಲಿ ಸವರಿ, ಮೇಲೆ ಸಿಲಿಕಾ ಪುಡಿ ಬೆರೆಸಿ ತುಪ್ಪದ ಹದಕ್ಕೆ ತಂದ ಎಪಾಕ್ಸಿ ತುಂಬಿ. ತುಪ್ಪವೆಂದರೆ ಚಳಿಗಾಲದ್ದು, ಸುರಿದರೆ ಬೀಳದ್ದು. ಮಳೆಗಾಲದ ತೇವದಲ್ಲಿ ಎಪಾಕ್ಸಿ ಗಟ್ಟಿಯಾದ ಮೇಲೆ ಮೇಣದಂಥ ಪೊರೆ ಬರುತ್ತದೆ. ಅದನ್ನು ಮೊದಲು ನೀರಲ್ಲಿ ಉಜ್ಜಿ ತೊಳೆದು ಆಮೇಲೆ ಉಪ್ಪುಕಾಗದ ಹಾಕಿ, ಇಲ್ಲದಿದ್ದರೆ ಪೊರೆಯನ್ನು ಒಳಕ್ಕೇ ತಿಕ್ಕಿದಂತಾಗುತ್ತದೆ. ಹೊಸ ತೂತುಗಳು ಹಳೆಯವುಗಳ ನಡುನಡುವೆ ಬರಲಿ.

ಕೂರಿಸುವುದು

ಇಬ್ಬರು ಬೇಕೇ ಬೇಕು, ಮೂವರಾದರೆ ಹಾಯಾಗಿ ಮುಗಿಯುತ್ತದೆ. ಪಟ್ಟಿಯ ಮೇಲಂಚು ಎಲ್ಲಿ ಬರಬೇಕೋ ಅಲ್ಲಿ ಮಾಸ್ಕಿಂಗ್ ಟೇಪ್ ಅಂಟಿಸಿ, ಐದಾರು ಮೀಟರ್ ಹಿಂದೆ ನಿಂತು ನೋಡಿ. ಮೂರು ಮಿಲಿಮೀಟರ್ ತಗ್ಗಿದ್ದರೂ ಕಣ್ಣಿಗೆ ಕಾಣುತ್ತದೆ, ಹತ್ತಿರದಿಂದ ಕಾಣದು.

ಪಟ್ಟಿಯನ್ನು ಕಪ್ಪು ಪ್ಲಾಸ್ಟಿಕ್ ಹೊದಿಸಿ ಒಂದೆರಡು ಗಂಟೆ ಬಿಸಿಲಿಗಿಟ್ಟರೆ ಬಗ್ಗುವುದು ಸುಲಭ. ಚಳಿಯ ಊರಾದರೆ ಉದ್ದನೆಯ ಪೈಪಿನೊಳಗೆ ಹಾಕಿ ಬಿಸಿನೀರು ಅಥವಾ ಹಬೆ ಬಿಡಬೇಕು. ಗಟ್ಟಿ ಪಿವಿಸಿ 75–80 ಡಿಗ್ರಿಯಲ್ಲಿ ಮೆದುವಾಗುತ್ತದೆ, ತಣ್ಣಗಾಗುವವರೆಗೆ ಹಿಡಿದರೆ ಬಾಗು ನಿಲ್ಲುತ್ತದೆ. ಹೀಟ್ ಗನ್ ಒಂದೇ ಜಾಗಕ್ಕೆ ಹಿಡಿದರೆ ಮೈ ಕಂದಾಗಿ, ಗಂಟಲು ಕೆರೆಯುವ ಹೊಗೆ ಬರುತ್ತದೆ. ಆಡಿಸುತ್ತಾ ಇರಿ.

ಒಂದೇ ತುಂಡಿನ ಮೆತ್ತನೆಯ ಪಟ್ಟಿಯಾದರೆ ನಡುಬಿಂದು ಗುರುತಿಸಿ ಮೂತಿಗೆ ಹಿಡಿದು, ಅಲ್ಲಿಂದ ಎರಡೂ ಬದಿಗೆ ಸರದಿಯಲ್ಲಿ ಮೀಟರ್ ಮೀಟರ್ ಹೋಗಿ. ಎರಡು ತುಂಡಾದರೂ ಮೂತಿಯಿಂದಲೇ ಆರಂಭಿಸಿ. ಹೆಚ್ಚಾದ ಉದ್ದವನ್ನು ಟ್ರಾನ್ಸಮ್ ಬಳಿ ಕತ್ತರಿಸಬಹುದು. ಪಟ್ಟಿಯ ತೂತುಗಳನ್ನು ಮೊದಲೇ ಕೊರೆದುಕೊಳ್ಳಿ, ಹಲ್‌ನ ತೂತುಗಳನ್ನು ಬೇಡ. ಅವನ್ನು ಪಟ್ಟಿ ಕೂತಂತೆ, ಅದರ ಮೂಲಕವೇ ಒಂದೊಂದಾಗಿ ಕೊರೆಯಬೇಕು. 8 ನಂಬರಿಗೆ 3.3 ಮಿಲಿಮೀಟರ್ ಬಿಟ್, 10 ನಂಬರಿಗೆ 3.9 ಮಿಲಿಮೀಟರ್ ಹತ್ತಿರದ್ದು. ಬಿಟ್ಟಿಗೆ ಟೇಪ್ ಸುತ್ತಿ ಆಳ ಗುರುತಿಸಿ, ಹಿಂದೆ ವೈರ್ ಇದೆಯೇ ಎಂದು ಒಳಗೆ ನೋಡಿಕೊಳ್ಳಿ. ಜೆಲ್‌ಕೋಟಿನ ಬಾಯಿಯನ್ನು ತುಸು ಕೌಂಟರ್‌ಸಿಂಕ್ ಮಾಡದಿದ್ದರೆ ಸ್ಕ್ರೂ ಹೊಕ್ಕಾಗ ಸುತ್ತ ನಕ್ಷತ್ರದಂತೆ ಬಿರಿಯುತ್ತದೆ.

ಪಾಲಿಯುರೆಥೇನ್ ಗಾಳಿಯ ತೇವದಿಂದಲೇ ಗಟ್ಟಿಯಾಗುವಂಥದ್ದು. ಸೆಕೆಯ ದಿನ ಪೊರೆ ಬೇಗ ಕಟ್ಟುತ್ತದೆ, ಆದ್ದರಿಂದ ಎರಡು ಮೀಟರಿಗಿಂತ ಮುಂದೆ ಹಚ್ಚಬೇಡಿ. ಹಚ್ಚಬೇಕಾದ್ದು ಪಟ್ಟಿಯ ಹಿಂಭಾಗದ ಮೇಲರ್ಧಕ್ಕೆ ಮತ್ತು ಪ್ರತಿ ತೂತಿಗೆ. ಸ್ಕ್ರೂವನ್ನು ಡ್ರಿಲ್ಲಿನ ಕಡಿಮೆ ಬಿಗಿತದಲ್ಲಿ ಇಳಿಸಿ, ಕೊನೆಯ ಅರ್ಧ ಸುತ್ತು ಕೈಯಲ್ಲಿ. ಫೈಬರಿನಲ್ಲಿ ಸ್ಕ್ರೂ ಕೊರೆದ ಸುರುಳಿಗೆರೆ ಒಮ್ಮೆ ಕೆಟ್ಟರೆ ಆ ತೂತು ಮತ್ತೆ ಎಪಾಕ್ಸಿಗೆ. ಗಟ್ಟಿ ಪಿವಿಸಿಯಲ್ಲಿ ತುಂಡುಗಳ ನಡುವೆ ತಂಪು ಹೊತ್ತಿನಲ್ಲಿ 3 ಮಿಲಿಮೀಟರ್, ನಡುಮಧ್ಯಾಹ್ನವಾದರೆ 1 ಮಿಲಿಮೀಟರ್ ಅಂತರ ಬಿಡಿ, ಸ್ಕ್ರೂ ತೂತುಗಳನ್ನು ಉದ್ದುದ್ದಕ್ಕೆ ತುಸು ಅಂಡಾಕಾರವಾಗಿಸಿ. ಟ್ರಾನ್ಸಮ್ ಮೂಲೆಯಲ್ಲಿ ಬಗ್ಗಿಸಿ ಗೆಲ್ಲಲು ಹೋಗದೆ ಮೂಲೆಯ ಮುಚ್ಚಳ ಹಾಕುವುದೇ ಜಾಣತನ.

ಎಳೆಯನ್ನು ಮರುದಿನ ಸಿಕ್ಕಿಸಿ. ಬಿಸಿನೀರಿನಿಂದ ತೆಗೆದು, ಕಾಲುವೆಗೆ ಸೋಪುನೀರು ಸವರಿ, ಒಂದು ತುಟಿಯನ್ನು ಮೊದಲು ಕೂರಿಸಿ ಇನ್ನೊಂದನ್ನು ಚಮಚದ ಹಿಡಿಯಿಂದ ಒಳಗೆ ತಳ್ಳುತ್ತಾ, ರಬ್ಬರ್ ಸುತ್ತಿಗೆಯಿಂದ ತಟ್ಟುತ್ತಾ ಹೋಗಿ. ಇಲ್ಲಿ ಬಹುಪಾಲು ಜನ ಮಾಡುವ ತಪ್ಪು ಎಳೆಯುವುದು. ಬಿಸಿಯಾದ ವಿನೈಲ್ ಸಲೀಸಾಗಿ ಹಿಗ್ಗಿ 15 ಸೆಂಟಿಮೀಟರ್ ಉಳಿತಾಯ ಮಾಡಿದಂತೆ ತೋರುತ್ತದೆ. ವಾರದೊಳಗೆ ಅಷ್ಟನ್ನೂ ಹಿಂದಕ್ಕೆ ಎಳೆದುಕೊಳ್ಳುತ್ತದೆ. ಎಳೆಯ ಜೋಡಣೆ ತಳಪಟ್ಟಿಯ ಜೋಡಣೆಯ ಮೇಲೆಯೇ ಬರದಂತೆ ಕನಿಷ್ಠ ಅರ್ಧ ಮೀಟರ್ ಸರಿಸಿ. ತುದಿಯನ್ನು 25 ಮಿಲಿಮೀಟರ್ ಹೆಚ್ಚಾಗಿ ಬಿಟ್ಟು ಒಂದು ರಾತ್ರಿ ಕಾಯಿರಿ, ಬೆಳಿಗ್ಗೆ ಕತ್ತರಿಸಿ, ಮುಚ್ಚಳದಡಿ ಒಂದು ಸ್ಕ್ರೂ ಹಾಕಿ ಬಂಧಿಸಿ.

ಮುಗಿದ ಮೇಲೆ ಮತ್ತೊಮ್ಮೆ ಪೈಪು ಹಿಡಿದು ನೀರು ಬಿಡಿ, ಅದೇ ಕ್ರಮದಲ್ಲಿ, ಹಿಂದಿನಿಂದ ಮುಂದಕ್ಕೆ. ಉಳಿದ ತಳಪಟ್ಟಿಯ ಮತ್ತು ಎಳೆಯ ತುಂಡುಗಳನ್ನು ಲಾಕರಿನಲ್ಲಿಡಿ. ಪಟ್ಟಿಗಳ ಆಕಾರ ಒಬ್ಬ ತಯಾರಕರಿಂದ ಇನ್ನೊಬ್ಬರಿಗೆ ಒಂದೆರಡು ಮಿಲಿಮೀಟರ್ ಬೇರೆಯಿರುತ್ತದೆ. ಮುಂದೆ ಎಳೆ ತರಿಸುವಾಗ ಅಂಗಡಿಯವರು ಕೇಳುವುದು ಆ ತುಂಡಿನ ಅಡ್ಡಕೊಯ್ತದ ಫೋಟೋವನ್ನೇ, ಪಕ್ಕದಲ್ಲಿ ಸ್ಕೇಲ್ ಇಟ್ಟು ತೆಗೆದದ್ದನ್ನು.